ಜಕಾರ್ತದ ದೋಸ, ನಮ್ಮ ದೋಸೆ: ಒಂದೇ ಸದ್ದಿನ ಪದಗಳನ್ನು ಒರೆಗೆ ಹಚ್ಚುವ ಬಗೆ

ಇಂಡೊನೇಷ್ಯಾದವರ ಭಾಷೆಯಲ್ಲಿ ‘ದೋಸ’ ಎಂದರೆ ಪಾಪ. ಜಪಾನಿಯಲ್ಲಿ ಅದು ಚಲನೆ. ಮೈಯ ಚಲನೆಯೂ ಆಗಬಹುದು, ಯಂತ್ರದ್ದೂ ಆಗಬಹುದು. ಸ್ವೀಡನ್ನಿನವರಿಗೆ ಸಣ್ಣದೊಂದು ಡಬ್ಬಿ. ನಮಗೆ ಕಾವಲಿಯ ಮೇಲೆ ಚುಂಯ್ ಎನ್ನುವ ದೋಸೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ನಾಲ್ಕೂ ಒಂದೇ: ಡಿ, ಓ, ಎಸ್, ಎ.

ಇಂಥ ಜೋಡಿಗಳ ಪಟ್ಟಿಗಳು ಮೊಬೈಲ್‌ಗೆ ಬರುತ್ತಲೇ ಇರುತ್ತವೆ. ನನಗೆ ಅವು ಇಷ್ಟ. ಬೇರೊಂದು ನಾಡಿನವರ ಬಾಯಲ್ಲಿ ನಮ್ಮ ಪದದ ಸದ್ದು ಕೇಳಿದಾಗ ಆಗುವ ಸಂತೋಷ ನಿಜವಾದದ್ದು. ಆದರೆ ಪಟ್ಟಿಯ ಕೊನೆಗೆ ‘ಆದ್ದರಿಂದ ಆ ಭಾಷೆ ನಮ್ಮದರಿಂದಲೇ ಹುಟ್ಟಿದೆ’ ಎಂಬ ಸಾಲು ಬಂದಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಆ ತೀರ್ಮಾನಕ್ಕೆ ಬರುವ ಮೊದಲು ಮಾಡಬೇಕಾದ ಕೆಲಸ ಸಾಕಷ್ಟಿದೆ. ಅದನ್ನು ಮನೆಯಲ್ಲಿ ಕುಳಿತು ಯಾರು ಬೇಕಾದರೂ ಮಾಡಬಹುದು, ಭಾಷಾವಿಜ್ಞಾನದ ಪದವಿ ಬೇಕಿಲ್ಲ. ನಾನು ಮಾಡುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೇಕಾಗುವ ಸಾಮಗ್ರಿ ಕಡಿಮೆ. ಒಂದು ನೋಟ್‌ಬುಕ್. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು, ಅಥವಾ ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು. ದ್ರಾವಿಡ ಭಾಷೆಗಳ ಪದಗಳನ್ನು ಒಂದೆಡೆ ಸೇರಿಸಿದ ಬರೋ ಮತ್ತು ಎಮೆನೋ ಅವರ ವ್ಯುತ್ಪತ್ತಿ ನಿಘಂಟು. ಇದರ ಎರಡನೆಯ ಆವೃತ್ತಿ 1984ರದ್ದು. ಉತ್ತರದ ಭಾಷೆಗಳಿಗೆ ಟರ್ನರ್ ಅವರ ನಿಘಂಟು. ಕೊನೆಯ ಎರಡನ್ನೂ ಶಿಕಾಗೊ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಹಣ ಕೊಡದೆ ಹುಡುಕಬಹುದು. ನೋಟ್‌ಬುಕ್ಕಿನ ಪುಟಕ್ಕೆ ನಾಲ್ಕು ಕಲಂ ಎಳೆಯಿರಿ: ಇಂದಿನ ಉಚ್ಚಾರ, ಹಳೆಯ ರೂಪ, ಒಡಹುಟ್ಟಿದ ಭಾಷೆಗಳಲ್ಲಿನ ರೂಪ, ತೀರ್ಪು.

ಮೊದಲ ಹೆಜ್ಜೆ: ಕಿವಿಗೆ ಕೇಳಿದ್ದನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ

ಜೋಡಿಗಳಲ್ಲಿ ಅರ್ಧದಷ್ಟು ಇಲ್ಲಿಯೇ ಉದುರಿಹೋಗುತ್ತವೆ. ಇಂಗ್ಲಿಷ್ ಅಕ್ಷರಗಳು ನಮ್ಮ ಭಾಷೆಯ ಕಣ್ಣಿಗೆ ಪೊರೆ ಕಟ್ಟುತ್ತವೆ. ಬಲೆ, ಬಳೆ, ಬಾಲೆ, ಬಾಳೆ ಈ ನಾಲ್ಕೂ ಇಂಗ್ಲಿಷ್‌ನಲ್ಲಿ ಒಂದೇ ಪದ. ತುಳುವಿನಲ್ಲಿ ‘ಬನ್ನಿ’ ಎಂದು ಮರ್ಯಾದೆಯಿಂದ ಕರೆಯುವ ‘ಬಲೆ’ಯೂ ಆ ಗುಂಪಿಗೇ ಸೇರಿಬಿಡುತ್ತದೆ. ಒಂದೇ ಊರಿನ ಪದಗಳ ಗತಿಯೇ ಹೀಗಾದರೆ ಪರದೇಶದ ಪದಗಳ ಗತಿ ಏನು?

ದೋಸೆಯನ್ನೇ ನೋಡಿ. ಸ್ವೀಡನ್ನಿನವರು ಆ ಪದವನ್ನು ಉಚ್ಚರಿಸುವಾಗ ಅದು ಹೆಚ್ಚು ಕಡಿಮೆ ‘ದೂಸ’ ಎಂದು ಕೇಳಿಸುತ್ತದೆ. ಅವರ ದೀರ್ಘ ‘ಓ’ಕಾರ ನಮ್ಮ ಕಿವಿಗೆ ‘ಊ’ಕಾರ. ಹಾಗಾಗಿ ಡಬ್ಬಿ ಪಟ್ಟಿಯಿಂದ ಹೊರಬಿತ್ತು. ಇನ್ನು ನಮ್ಮ ಪದದ ಕೊನೆಯಲ್ಲಿರುವುದು ‘ಎ’ಕಾರ, ದೋಸೆ. ಇಂಗ್ಲಿಷಿನ A ಅಕ್ಷರದಿಂದ ಮುಗಿಸುವುದು ಆ ಬರವಣಿಗೆಯ ರೂಢಿ ಅಷ್ಟೆ. ಬಾಯಿಯಿಂದ ಬಾಯಿಗೆ ಹೋಲಿಸಿದರೆ ಉಳಿಯುವುದು ಇಂಡೊನೇಷ್ಯಾದ್ದು ಮತ್ತು ಜಪಾನಿಯದು, ಅವೂ ಪೂರ್ತಿ ಒಂದಲ್ಲ.

ಸ್ವರದ ಏರಿಳಿತದಿಂದಲೇ ಅರ್ಥ ಬದಲಾಗುವ ಭಾಷೆಗಳಲ್ಲಿ ಇನ್ನೂ ಎಚ್ಚರ ಬೇಕು. ವಿಯೆಟ್ನಾಮಿನಲ್ಲಿ ಸಮವಾದ ದನಿಯಲ್ಲಿ ‘ಬಾ’ ಎಂದರೆ ಮೂರು. ದನಿ ಇಳಿಸಿ ಹೇಳಿದರೆ ಅಜ್ಜಿ. ಚೀನಿಯ ಮ್ಯಾಂಡರಿನ್‌ನಲ್ಲಿ ದನಿ ಮೇಲಿಟ್ಟು ‘ಬಾ’ ಎಂದರೆ ಎಂಟು, ಮೇಲಿಂದ ಕೆಳಗೆ ಇಳಿಸಿದರೆ ಅಪ್ಪ. ಗುಜರಾತಿನಲ್ಲಿ ‘ಬಾ’ ಎಂದರೆ ತಾಯಿ, ಕಸ್ತೂರ್‌ಬಾ ಹೆಸರಿನಲ್ಲಿರುವುದು ಅದೇ. ನಾವು ‘ಬಾ’ ಎಂದರೆ ಹತ್ತಿರ ಕರೆದಂತೆ. ನೋಟ್‌ಬುಕ್ಕಿನಲ್ಲಿ ‘ಬಾ’ ಎಂದು ಬರೆದು ಸುಮ್ಮನಾಗಬೇಡಿ. ದನಿ ಏರಿತೋ ಇಳಿಯಿತೋ ಎಂಬುದಕ್ಕೆ ಪಕ್ಕದಲ್ಲಿ ಒಂದು ಗೆರೆ ಎಳೆಯಿರಿ.

ಎರಡನೆಯ ಹೆಜ್ಜೆ: ಎರಡೂ ಪದಗಳನ್ನು ಹಿಂದಕ್ಕೆ ನಡೆಸಿ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಇಂದಿನ ರೂಪಗಳ ಹೋಲಿಕೆ ಏನನ್ನೂ ಸಾಬೀತು ಮಾಡುವುದಿಲ್ಲ. ಇನ್ನೂರು, ಐನೂರು, ಸಾವಿರ ವರ್ಷ ಹಿಂದಕ್ಕೆ ಹೋದಂತೆ ಎರಡು ಪದಗಳು ಒಂದಕ್ಕೊಂದು ಹತ್ತಿರ ಬರುತ್ತವೆಯೋ ದೂರ ಸರಿಯುತ್ತವೆಯೋ ಎಂದು ನೋಡಬೇಕು. ನೆಂಟರಾದರೆ ಹತ್ತಿರ ಬರುತ್ತಾರೆ. ದಾರಿಯಲ್ಲಿ ಅಕಸ್ಮಾತ್ ಎದುರಾದವರು ಬಂದ ದಾರಿಯಲ್ಲೇ ಹಿಂದಕ್ಕೆ ಹೋದರೆ ಬೇರೆ ಬೇರೆ ಊರು ಸೇರುತ್ತಾರೆ.

ಕನ್ನಡಿಗರಿಗೆ ಬಹಳ ಪ್ರಿಯವಾದ ಜೋಡಿಯೊಂದಿದೆ. ಗ್ರೀಸಿನಲ್ಲಿ ನೀರಿಗೆ ‘ನೆರೊ’ ಎನ್ನುತ್ತಾರೆ. ಸದ್ದೂ ಹತ್ತಿರ, ಅರ್ಥವೂ ಒಂದೇ. ಅಥೆನ್ಸಿನಲ್ಲಿ ಬಾಟಲಿಯ ಮೇಲೆ ಆ ಪದವನ್ನು ಓದಿದ ಕನ್ನಡಿಗನಿಗೆ ರೋಮಾಂಚನವಾಗದೆ ಇರುವುದು ಕಷ್ಟ. ನನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೊಂದು ಪೂರ್ತಿ ಪುಟವಿದೆ. ಎಡಗಡೆ ನಮ್ಮ ನೀರು. ಹಳಗನ್ನಡದಲ್ಲಿ ಅದು ‘ನೀರ್’. ಕಲ್, ಕಣ್, ಪಾಲ್ ಎಂಬವುಗಳಿಗೆ ಆಮೇಲೆ ‘ಉ’ಕಾರ ಸೇರಿದಂತೆ ಇದಕ್ಕೂ ಸೇರಿತು. ತಮಿಳಿನಲ್ಲಿ, ಮಲಯಾಳದಲ್ಲಿ, ತುಳುವಿನಲ್ಲಿ ಇಂದಿಗೂ ‘ನೀರ್’. ಬಲಗಡೆ ಗ್ರೀಕ್. ಪ್ರಾಚೀನ ಗ್ರೀಕರು ನೀರಿಗೆ ‘ನೆರೊ’ ಎನ್ನುತ್ತಿರಲಿಲ್ಲ, ‘ಹ್ಯುದೋರ್’ ಎನ್ನುತ್ತಿದ್ದರು. ಆಗತಾನೆ ತಂದ ನೀರಿಗೆ ‘ನೆಅರೊನ್ ಹ್ಯುದೋರ್’, ಅಂದರೆ ತಾಜಾ ನೀರು. ಕಾಲ ಕಳೆದಂತೆ ‘ನೀರು’ ಎಂಬ ಭಾಗ ಬಿದ್ದುಹೋಯಿತು, ‘ತಾಜಾ’ ಎಂಬ ಭಾಗ ಮಾತ್ರ ಉಳಿದು ಸವೆದು ‘ನೆರೊ’ ಆಯಿತು. ಆ ‘ನೆಅರೊಸ್’ ಬಂದದ್ದು ‘ಹೊಸ’ ಎಂಬ ಅರ್ಥದ ‘ನೆಓಸ್’ ಪದದಿಂದ. ಅದರ ನೆಂಟರು ಸಂಸ್ಕೃತದ ‘ನವ’ ಮತ್ತು ಇಂಗ್ಲಿಷಿನ ‘ನ್ಯೂ’. ಅಂದರೆ ಗ್ರೀಕರ ನೆರೊ ಸಂಬಂಧ ಬೆಳೆಸಿದ್ದು ನಮ್ಮ ಬಾವಿಯ ನೀರಿನ ಜೊತೆ ಅಲ್ಲ, ನವವಧುವಿನ ‘ನವ’ದ ಜೊತೆ. ಈ ಪುಟವನ್ನು ಬರೆದು ಮುಗಿಸಿದ ದಿನ ನನಗೆ ನಿರಾಸೆಯಾಗಲಿಲ್ಲ. ನಿಜವಾದ ಕತೆ ಆ ಸುಳ್ಳು ನೆಂಟಸ್ತಿಕೆಗಿಂತ ಎಷ್ಟೋ ಸೊಗಸಾಗಿತ್ತು.

‘ಬಾ’ ಪದವನ್ನೂ ಹೀಗೆಯೇ ನಡೆಸಿ. ಕನ್ನಡದ ‘ಬಾ’ ತಮಿಳಿನಲ್ಲಿ ‘ವಾ’, ಮಲಯಾಳದಲ್ಲೂ ‘ವಾ’, ಮೊದಲಿದ್ದದ್ದು ವಕಾರ. ಚೀನಿಯ ‘ಎಂಟು’ ಕ್ಯಾಂಟನೀಸ್‌ನಲ್ಲಿ ‘ಬಾತ್’, ಕೊರಿಯದಲ್ಲಿ ‘ಪಾಲ್’, ಜಪಾನಿನಲ್ಲಿ ‘ಹಚಿ’. ಕೊನೆಯಲ್ಲೊಂದು ವ್ಯಂಜನವಿತ್ತು, ಮ್ಯಾಂಡರಿನ್ ಅದನ್ನು ನುಂಗಿದೆ. ವಿಯೆಟ್ನಾಮಿನ ‘ಮೂರು’ ಕಾಂಬೋಡಿಯದ ಖ್ಮೇರ್ ಭಾಷೆಯಲ್ಲಿ ‘ಬೆಯ್’ ಆಗಿದೆ. ಅದರ ದೂರದ ನೆಂಟ ಭಾರತದಲ್ಲೇ ಇದೆ, ಸಂತಾಲಿಯಲ್ಲಿ ಮೂರಕ್ಕೆ ‘ಪೆ’. ಇಂದು ಒಂದೇ ಆಗಿ ಕೇಳುವ ಮೂರು ‘ಬಾ’ಗಳು ಹಿಂದಕ್ಕೆ ನಡೆದಂತೆ ವಾ, ಬಾತ್, ಬೆಯ್ ಎಂದು ಮೂರು ದಿಕ್ಕಿಗೆ ಹೊರಟುಹೋದವು.

ಶಾಲೆಯ ಮಕ್ಕಳು ಕೇಳುವ ಇನ್ನೊಂದು: ತಮಿಳಿನ ‘ಎಟ್ಟು’ ಮತ್ತು ಇಂಗ್ಲಿಷಿನ ‘ಎಯ್ಟ್’. ಇಂಗ್ಲಿಷ್ ಪದವನ್ನು ಹಿಂದಕ್ಕೆ ಒಯ್ದರೆ ‘ಎಅಹ್ತ’, ಅದರ ಸೋದರರು ಜರ್ಮನ್ನಿನ ‘ಆಖ್ಟ್’, ಲ್ಯಾಟಿನ್ನಿನ ‘ಒಕ್ತೊ’, ಸಂಸ್ಕೃತದ ‘ಅಷ್ಟ’. ನಮ್ಮ ಕಡೆ ಹಿಂದಕ್ಕೆ ಹೋದರೆ ಎಂಟು, ತುಳುವಿನ ಎಣ್ಮ, ತೆಲುಗಿನ ಎನಿಮಿದಿ; ತಮಿಳಿನಲ್ಲೂ ಎಂಬತ್ತಕ್ಕೆ ‘ಎಣ್‌ಪದು’. ಒಂದು ಕಡೆ ಒಳಗಿನಿಂದ ಕಕಾರದ ಸದ್ದು ಹೊರಬಂತು, ಇನ್ನೊಂದು ಕಡೆ ಣಕಾರ.

ಮೂರನೆಯ ಹೆಜ್ಜೆ: ಒಂದು ಜೋಡಿ ಸಾಲದು, ಸಾಲು ಬೇಕು

ನೆಂಟಸ್ತಿಕೆಯ ಗುರುತು ಹೋಲಿಕೆಯಲ್ಲ, ಕ್ರಮ. ತಮಿಳಿನಲ್ಲಿ ಪಕಾರ ಇರುವ ಕಡೆ ಕನ್ನಡದಲ್ಲಿ ಹಕಾರ: ಪಾಲ್–ಹಾಲು, ಪುಲಿ–ಹುಲಿ, ಪಲ್–ಹಲ್ಲು. ತಮಿಳಿನ ವಕಾರಕ್ಕೆ ನಮ್ಮಲ್ಲಿ ಬಕಾರ: ವಾಯ್–ಬಾಯಿ, ವೇರ್–ಬೇರು, ವಿಲ್–ಬಿಲ್ಲು. ‘ವಾ–ಬಾ’ ಈ ಸಾಲಿನಲ್ಲಿ ತಾನಾಗಿಯೇ ಬಂದು ಕೂರುತ್ತದೆ, ಆದ್ದರಿಂದ ಅದನ್ನು ನಂಬುತ್ತೇವೆ. ನಮ್ಮ ‘ಕಿವಿ’ ಅವರ ‘ಚೆವಿ’, ನಮ್ಮ ‘ಕಿರಿಯ’ ಅವರ ‘ಚಿರಿಯ’. ಹೀಗೆ ಸಾಲು ಸಾಲಾಗಿ ಸಿಗಬೇಕು. ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಬೇರೆಯದೇ ಕುಟುಂಬ ಎಂದು 1816ರಲ್ಲಿ ಮದ್ರಾಸಿನ ಅಧಿಕಾರಿ ಎಲ್ಲಿಸ್ ತೋರಿಸಿದ್ದು ಇಂಥ ಪದಸಾಲುಗಳನ್ನು ಎದುರುಬದುರಾಗಿ ಇಟ್ಟೇ.

ನನಗೆ ಎಲ್ಲಕ್ಕಿಂತ ಪ್ರಿಯವಾದ ಸಾಲು ಬಲೂಚಿಸ್ತಾನದ್ದು. ಅಲ್ಲಿಯ ಬ್ರಾಹುಈ ಭಾಷೆ ದ್ರಾವಿಡ ಕುಟುಂಬದ್ದು. ಅದರಲ್ಲಿ ನೀರಿಗೆ ‘ದೀರ್’ ಎನ್ನುತ್ತಾರೆ. ಮೊದಲ ಅಕ್ಷರವೇ ಬೇರೆ. ಇದು ನಮ್ಮ ನೀರಿಗೆ ಹೇಗೆ ನೆಂಟ? ರಕ್ತಕ್ಕೆ ಅವರು ‘ದಿತರ್’ ಎನ್ನುತ್ತಾರೆ. ಈಗ ನಮ್ಮ ‘ನೆತ್ತರು’ ಪದವನ್ನು ಪಕ್ಕದಲ್ಲಿಡಿ. ನೀರು–ದೀರ್, ನೆತ್ತರು–ದಿತರ್. ನಮ್ಮ ನಕಾರ ಇದ್ದಲ್ಲಿ ಅವರ ದಕಾರ. ಪೂರ್ತಿ ಒಂದೇ ಆಗಿ ಕಾಣುವ ಗ್ರೀಕ್ ‘ನೆರೊ’ ಪರಕೀಯ. ಬೇರೆಯಾಗಿ ಕಾಣುವ, ಸಾವಿರಾರು ಕಿಲೋಮೀಟರ್ ದೂರದ ‘ದೀರ್’ ನಮ್ಮ ರಕ್ತಸಂಬಂಧಿ. ಹೋಲಿಕೆಯನ್ನು ನಂಬಿ ಕುಳಿತಿದ್ದರೆ ಇದು ನಮ್ಮ ಕೈಗೆ ಸಿಗುತ್ತಿರಲಿಲ್ಲ.

ನಾಲ್ಕನೆಯ ಹೆಜ್ಜೆ: ಸಾಲವೋ ಎಂದು ನೋಡಿ

ನೆಂಟಸ್ತಿಕೆ ಇಲ್ಲದಿದ್ದರೂ ಪದ ಒಂದೇ ಆಗಿರಬಹುದು, ಕೊಂಡು ತಂದದ್ದಾದರೆ. ‘ಅನಾನಸ್’ ದಕ್ಷಿಣ ಅಮೆರಿಕದ ಮೂಲನಿವಾಸಿಗಳ ಮಾತಿನಿಂದ ಪೋರ್ಚುಗೀಸರ ಹಡಗು ಹತ್ತಿ ಇಲ್ಲಿಗೆ ಬಂತು. ‘ಚಾವಿ’ಯೂ ‘ಪಗಾರ’ವೂ ಅವರದೇ ಸರಕು. ಸಾಲ ಎನ್ನಬೇಕಾದರೆ ದಾರಿ ತೋರಿಸಬೇಕು: ಯಾರು ತಂದರು, ಯಾವ ಕಾಲದಲ್ಲಿ, ಯಾವ ವಸ್ತುವಿನ ಜೊತೆ.

ಜಕಾರ್ತದ ‘ದೋಸ’ಕ್ಕೆ ಇಂಥ ದಾರಿ ಇದೆ. ಇಂಡೊನೇಷ್ಯಾದ ದ್ವೀಪಗಳಿಗೆ ಶತಮಾನಗಳ ಕಾಲ ಸಂಸ್ಕೃತದ ಪದಗಳು ಹೋಗಿವೆ. ಭಾಷೆ ಅಲ್ಲಿ ‘ಬಹಾಸ’ ಆಗಿದೆ. ಕಥೆ ‘ಕಾತ’ ಆಗಿ ‘ಪದ’ ಎಂಬ ಅರ್ಥ ಪಡೆದಿದೆ. ಸ್ವಾಮಿ ‘ಸುಆಮಿ’ ಆಗಿ ಗಂಡ ಎಂಬ ಅರ್ಥದಲ್ಲಿ ನಿಂತಿದೆ. ಅಲ್ಲಿಯವರ ಬಾಯಲ್ಲಿ ‘ಷ’ ಇಲ್ಲ, ಹಾಗಾಗಿ ‘ದೋಷ’ ‘ದೋಸ’ವಾಯಿತು, ತಪ್ಪು ಪಾಪವಾಯಿತು. ಅವರ ದೋಸ ನಮ್ಮ ದೋಷದ ತುಂಡು, ದೋಸೆಯದಲ್ಲ. ಹಳಗನ್ನಡದಲ್ಲೂ ದೋಷದ ತದ್ಭವ ‘ದೋಸ’ವೇ. ಸಮುದ್ರದ ಎರಡೂ ದಡದಲ್ಲಿ ಒಂದೇ ಪದ ಒಂದೇ ರೀತಿ ಸವೆದಿದೆ.

ಇಲ್ಲೇ ಒಂದು ಕತೆ ಹುಟ್ಟಿಕೊಂಡಿದೆ: ಹಿಟ್ಟು ಹುಳಿ ಬರಿಸಿದ್ದು ದೋಷವೆಂದು, ಆ ದೋಷವೇ ದೋಸೆಯಾಯಿತೆಂದು. ಕೇಳಲು ಚೆನ್ನಾಗಿದೆ, ನಾನು ಒಪ್ಪುವುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಈ ತಿಂಡಿಯ ಹೆಸರು ‘ಧೋಸಕ’ ಎಂದಿದೆ. ‘ದೋಷ’ ಎಂಬ ಪದವನ್ನು ಚೆನ್ನಾಗಿ ಬಲ್ಲ ಸಂಸ್ಕೃತ ಗ್ರಂಥಕಾರನಿಗೆ ಆ ಸಂಬಂಧ ಕಂಡಿದ್ದರೆ ಷಕಾರ ಬಿಟ್ಟು ಸಕಾರ ಬರೆಯುತ್ತಿರಲಿಲ್ಲ. ‘ದೋ’ ಎಂದರೆ ಎರಡು, ‘ಸೆ’ ಎಂದರೆ ಕಾವಲಿಯ ಸದ್ದು ಎಂಬ ಇನ್ನೊಂದು ವಿವರಣೆಯನ್ನಂತೂ ಬಿಟ್ಟುಬಿಡಿ. ಕಾವಲಿಯ ಮುಂದೆ ಕುಳಿತ ನಮ್ಮ ಅಜ್ಜಿ ಹಿಂದಿಯಲ್ಲಿ ಎಣಿಸುತ್ತಿರಲಿಲ್ಲ.

ಜಪಾನಿಯ ‘ದೋಸ’ಕ್ಕೆ ಚೀನದ ದಾರಿ. ಅದು ಎರಡು ಚೀನಿ ಅಕ್ಷರಗಳ ಜೋಡಣೆ, ‘ಚಲಿಸು’ ಮತ್ತು ‘ಮಾಡು’. ಮೊದಲ ಅಕ್ಷರ ಕೊರಿಯದಲ್ಲಿ, ವಿಯೆಟ್ನಾಮಿನಲ್ಲಿ ಇಂದಿಗೂ ‘ದೊಂಗ್’ ಎಂದೇ ಇದೆ. ಜಪಾನಿ ಬಾಯಿಗೆ ಆ ಅನುನಾಸಿಕ ಕೂಡದೆ ದೀರ್ಘ ‘ದೋ’ ಉಳಿಯಿತು. ಇಲ್ಲಿಗೆ ದೋಸೆಯ ಪುಟ ಮುಗಿಯಿತು.

ಸಾಲದ ಪದಗಳಲ್ಲಿ ಒಂದು ಎಚ್ಚರ. ಅರ್ಥ ಬೇರೆಯಾದ ಮಾತ್ರಕ್ಕೆ ಪದ ಬೇರೆ ಎನ್ನಬೇಡಿ. ಹಿಂದಿಯ ‘ಶಿಕ್ಷಾ’ ವಿದ್ಯಾಭ್ಯಾಸ, ನಮ್ಮ ‘ಶಿಕ್ಷೆ’ ದಂಡನೆ. ಅವರ ‘ಉಪನ್ಯಾಸ್’ ಕಾದಂಬರಿ, ನಮ್ಮದು ಭಾಷಣ. ಅವರ ‘ಅವಕಾಶ್’ ರಜೆ, ನಮ್ಮದು ಸಂದರ್ಭ. ಬಂಗಾಳಿಗಳ ‘ಚೇಷ್ಟಾ’ ಪ್ರಯತ್ನ, ನಮ್ಮ ಮಕ್ಕಳ ಚೇಷ್ಟೆ ಏನೆಂದು ಎಲ್ಲರಿಗೂ ಗೊತ್ತು. ಇವೆಲ್ಲ ಒಂದೇ ಸಂಸ್ಕೃತ ಮೂಲದವು, ಬೇರೆ ಬೇರೆ ಮನೆಗಳಲ್ಲಿ ಬೆಳೆದಿವೆ. ಹಿಂದಿಯಿಂದ ಕನ್ನಡಕ್ಕೆ ಅನುವಾದ ಮಾಡುವವರು ಇವುಗಳ ಪಟ್ಟಿಯನ್ನು ಮೇಜಿನ ಮೇಲೆ ಇಟ್ಟುಕೊಳ್ಳುವುದು ಒಳ್ಳೆಯದು.

ಐದನೆಯ ಹೆಜ್ಜೆ: ಕೆಲವನ್ನು ಪಟ್ಟಿಯಿಂದಲೇ ತೆಗೆದುಬಿಡಿ

ಕೊರಿಯನ್ ಧಾರಾವಾಹಿಗಳಲ್ಲಿ ‘ಅಪ್ಪಾ’ ಎಂದು ಕೂಗುವುದನ್ನು ಕೇಳಿ ಪುಳಕಗೊಂಡವರು ಈಗ ಮನೆಮನೆಯಲ್ಲೂ ಇದ್ದಾರೆ. ಕೊರಿಯನ್ನಿಗೂ ದ್ರಾವಿಡ ಭಾಷೆಗಳಿಗೂ ಸಂಬಂಧವಿದೆ ಎಂದು 1905ರಷ್ಟು ಹಿಂದೆಯೇ ಹಲ್ಬರ್ಟ್ ಎಂಬವರು ಪುಸ್ತಕ ಬರೆದರು. ಭಾಷಾವಿಜ್ಞಾನ ಅದನ್ನು ಒಪ್ಪಲಿಲ್ಲ. ಅಪ್ಪ, ಅಮ್ಮ, ಮಾಮ, ತಾತ ಇವೆಲ್ಲ ತೊದಲು ಬಾಯಿ ಮೊದಲು ಕಟ್ಟುವ ಸದ್ದುಗಳು. ಮಗು ‘ಮ್ಮ’, ‘ಪ್ಪ’ ಎನ್ನುತ್ತದೆ, ಹತ್ತಿರ ಇರುವ ಹಿರಿಯರು ಅದನ್ನು ತಮ್ಮ ಹೆಸರೆಂದು ಸ್ವೀಕರಿಸುತ್ತಾರೆ. ಎಲ್ಲ ಕಡೆ ಒಂದೇ ರೀತಿ ಸ್ವೀಕರಿಸುವುದಿಲ್ಲ ಎಂಬುದಕ್ಕೆ ಜಾರ್ಜಿಯಾ ಸಾಕ್ಷಿ: ಅಲ್ಲಿ ‘ಮಾಮ’ ಎಂದರೆ ತಂದೆ, ‘ದೇದ’ ಎಂದರೆ ತಾಯಿ. ಕೋಗಿಲೆ, ಕಾಗೆಯಂಥ ಕೂಗಿನ ಹೆಸರುಗಳನ್ನೂ ಬಿಡಿ. ಹಕ್ಕಿಯೇ ಎಲ್ಲ ಭಾಷೆಗಳಿಗೂ ಅದನ್ನು ಕೊಟ್ಟಿದೆ.

ಒಂದೇ ಅಕ್ಷರದ ಪದಗಳಿಗೂ ಬೆಲೆ ಕೊಡಬೇಡಿ. ಹದಿನೆಂಟು ಸಾಮಾನ್ಯ ವ್ಯಂಜನಗಳನ್ನು ಐದು ದೀರ್ಘ ಸ್ವರಗಳ ಜೊತೆ ಕೂಡಿಸಿದರೆ ಸಿಗುವುದು 90 ಅಚ್ಚುಗಳು. ಜಗತ್ತಿನಲ್ಲಿ ಸುಮಾರು 7,000 ಭಾಷೆಗಳಿವೆ. ಅವುಗಳ ಚಿಕ್ಕ ಪದಗಳೆಲ್ಲ ಇಷ್ಟೇ ಅಚ್ಚುಗಳಲ್ಲಿ ಎರಕ ಹೊಯ್ದುಕೊಳ್ಳಬೇಕು. ‘ಬಾ’ ಎಲ್ಲೆಡೆ ಸಿಗದಿದ್ದರೆ ಅದೇ ಅಚ್ಚರಿ.

ಆರನೆಯ ಹೆಜ್ಜೆ: ತೀರ್ಪಿನ ಕಲಂ

ನಾಲ್ಕನೆಯ ಕಲಂನಲ್ಲಿ ನಾನು ಬರೆಯುವುದು ನಾಲ್ಕರಲ್ಲಿ ಒಂದು: ನೆಂಟ, ಸಾಲ, ಕಾಕತಾಳೀಯ, ಇತ್ಯರ್ಥವಾಗಿಲ್ಲ. ಕಾಗೆ ಕುಳಿತ ಹೊತ್ತಿಗೇ ತಾಳೆಹಣ್ಣು ಬಿತ್ತು ಎಂಬ ನಮ್ಮ ಹಳೆಯ ಮಾತಿಗಿಂತ ಚೆನ್ನಾದ ಪದ ಇದಕ್ಕೆ ಬೇರೆ ಭಾಷೆಯಲ್ಲಿ ಇದ್ದಂತಿಲ್ಲ. ಆದರೆ ನಾಲ್ಕನೆಯ ಉತ್ತರವನ್ನು ಬರೆಯಲು ಹಿಂಜರಿಯಬೇಡಿ.

ಅದಕ್ಕೆ ಉದಾಹರಣೆ ನಮ್ಮದೇ ಆದದ್ದು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕ, ಸುಮಾರು 2ನೆಯ ಶತಮಾನದ್ದೆನ್ನಲಾದ ಪಪೈರಸ್ ಹಾಳೆಯಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಭಾರತದ ಕಡಲ ತೀರದಲ್ಲಿ ಸೆರೆಯಾದ ಗ್ರೀಕ್ ಹೆಣ್ಣು, ಅಲ್ಲಿಯ ದೊರೆಗೆ ಮದ್ಯ ಕುಡಿಸಿ ಅವಳನ್ನು ಬಿಡಿಸಿಕೊಳ್ಳುವ ಕತೆ. ದೊರೆಯ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ. ಅದು 1903ರಲ್ಲಿ ಅಚ್ಚಾದ ಮರುವರ್ಷವೇ ಹುಲ್ಟ್ಸ್ ಎಂಬ ಜರ್ಮನ್ ವಿದ್ವಾಂಸರು ಆ ಮಾತು ಕನ್ನಡ ಎಂದರು. ‘ಬೇರೆ’, ‘ಕೊಂಚ’, ‘ಮಧು’, ‘ಪಾತ್ರಕ್ಕೆ’ ಎಂಬ ಪದಗಳನ್ನು ಅದರಲ್ಲಿ ಓದಿದರು. ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಕನ್ನಡದ ಪಕ್ಷ ಹಿಡಿದರು. 1926ರಲ್ಲಿ ಬಾರ್ನೆಟ್ ಸಂದೇಹ ಎತ್ತಿದರು. ತುಳು ಎಂದವರೂ ಇದ್ದಾರೆ.

ಅದು ಕನ್ನಡವಾಗಿರಲಿ ಎಂದು ನನ್ನ ಮನಸ್ಸು ಬಯಸುತ್ತದೆ. ಆದರೆ ಮೇಲಿನ ಹೆಜ್ಜೆಗಳನ್ನು ಇಟ್ಟು ನೋಡಿ. ಆ ಕಾಲದ ಗ್ರೀಕ್ ಬರಹದಲ್ಲಿ ಪದಗಳ ನಡುವೆ ಜಾಗ ಬಿಡುವ ರೂಢಿ ಇರಲಿಲ್ಲ. ಎಲ್ಲಿ ಒಡೆದರೆ ಅಲ್ಲಿ ಪದ. ಹಲ್ಮಿಡಿ ಶಾಸನಕ್ಕಿಂತ ಮೂರು ಶತಮಾನ ಹಿಂದಿನ ಕನ್ನಡ ಹೇಗಿತ್ತೆಂದು ಹೋಲಿಸಲು ನಮ್ಮ ಕೈಯಲ್ಲಿ ಬೇರೆ ವಾಕ್ಯಗಳಿಲ್ಲ. ಹುಲ್ಟ್ಸ್ ಓದಿನಲ್ಲಿ ‘ಹಾಕಿ’ ಎಂಬ ರೂಪವೂ ಬರುತ್ತದೆ. ಕನ್ನಡದಲ್ಲಿ ಪಕಾರ ಹಕಾರಕ್ಕೆ ತಿರುಗಿದ್ದು ಹತ್ತನೆಯ ಶತಮಾನದ ಆಸುಪಾಸಿನಿಂದ. ನನ್ನ ಪುಟದಲ್ಲಿ ಇದು ‘ಇತ್ಯರ್ಥವಾಗಿಲ್ಲ’ ಎಂದೇ ಇದೆ.

ನೀವು ಶುರು ಮಾಡುವುದಾದರೆ ‘ಮನೆ’ಯಿಂದ ಶುರು ಮಾಡಿ. ಜಪಾನಿಯಲ್ಲಿ ‘ಮನೆ’ ಎಂದರೆ ಅನುಕರಣೆ. ಅದು ಬೇಗ ಇತ್ಯರ್ಥವಾಗುತ್ತದೆ. ಇಂಗ್ಲಿಷಿನಲ್ಲಿ ಅದೇ ಅಕ್ಷರಗಳು ಕುದುರೆಯ ಕೇಸರ, ಉಚ್ಚಾರ ‘ಮೇನ್’. ಅದನ್ನು ಮೊದಲ ಹೆಜ್ಜೆಯಲ್ಲೇ ಹೊಡೆದುಹಾಕಿ. ಕಷ್ಟ ಇರುವುದು ‘ಮ್ಯಾನ್ಶನ್’ ಪದದಲ್ಲಿ. ಅದರ ಮೂಲ ಲ್ಯಾಟಿನ್ನಿನ ‘ಮನೇರೆ’, ಅರ್ಥ ‘ಉಳಿ, ತಂಗು’. ನಮ್ಮ ‘ಮನೆ’, ತಮಿಳಿನ ‘ಮನೈ’ ಎರಡನ್ನೂ ದ್ರಾವಿಡ ನಿಘಂಟಿನಲ್ಲಿ ಹುಡುಕಿದರೆ ಪಕ್ಕದಲ್ಲೇ ‘ನೆಲೆಯಾಗಿರು’ ಎಂಬ ಅರ್ಥದ ‘ಮನ್’ ಸಿಗುತ್ತದೆ. ಹಿಂದಕ್ಕೆ ನಡೆಸಿದರೂ ಈ ಎರಡು ದೂರ ಸರಿಯುವುದಿಲ್ಲ! ಆಗ ಮೂರನೆಯ ಹೆಜ್ಜೆಗೆ ಬನ್ನಿ: ಲ್ಯಾಟಿನ್ನಿನಲ್ಲೂ ಕನ್ನಡದಲ್ಲೂ ಇದೇ ಕ್ರಮದಲ್ಲಿ ಹೊಂದುವ ಇನ್ನೊಂದು ಹತ್ತು ಪದ ಹುಡುಕಿ. ನನಗೆ ಸಿಕ್ಕಿಲ್ಲ. ಹಾಗಾಗಿ ನನ್ನ ನೋಟ್‌ಬುಕ್ಕಿನಲ್ಲಿ ಅದರ ಎದುರು ‘ಕಾಕತಾಳೀಯ’ ಎಂದು ಪೆನ್ಸಿಲ್‌ನಲ್ಲಿ ಬರೆದಿದ್ದೇನೆ.